ಬಿಳಿ ಬಿಟ್ಟ ಕಡಲು

ದೇವಬಾಗದ ತುಳಸಿದಾಸನಿಗೆ ಅಪ್ಪ ಬಿಟ್ಟುಹೋದದ್ದು ಒಂದು ಪಾತಿ ದೋಣಿ ಮತ್ತು ಕಡಲಿನಲ್ಲಿ ಒಂದು ಜಾಗ. ದೋಣಿ ಎಂದೋ ಲಡ್ಡಾಗಿ ಒಲೆ ಸೇರಿತು, ಬೇರೆಯದು ಬಂತು. ಜಾಗ ಉಳಿಯಿತು. ನೀರಿನಡಿಯ ಒಂದು ಬಂಡೆ ಅದು. ಅದರ ಸಂದುಗಳಲ್ಲಿ ತಾಂಬೂಸ, ಗೊಬ್ರ ಮೀನುಗಳ ಬಿಡಾರ. ಬೇರೆ ಕಡೆ ಬಲೆ ಬರಿದಾಗಿ ಬಂದ ದಿನವೂ ಅಲ್ಲಿ ಗಾಳ ಬಿಟ್ಟರೆ ಅನ್ನಕ್ಕೆ ತೊಂದರೆಯಿರಲಿಲ್ಲ. ಹಾಗಾಗಿ ಅಜ್ಜ ಆ ಬಂಡೆಗೆ ತನ್ನ ಹೆಂಡತಿಯ ಹೆಸರು ಸೇರಿಸಿ 'ಕಾಶಿಯ ಒಲೆ' ಎಂದು ಕರೆದಿದ್ದ.

ಆ ಒಲೆಯ ಗುರುತು ಇರುವುದು ನೀರಿನಲ್ಲಲ್ಲ, ನೆಲದಲ್ಲಿ. ಸದಾಶಿವಗಡದ ಗುಡ್ಡದ ಹೆಗಲು ದಂಡೆಯ ಗಾಳಿಮರಗಳ ಸಾಲಿನ ಕೊನೆಗೆ ತಾಗಬೇಕು. ಅದೇ ಹೊತ್ತಿಗೆ ದೀಪಸ್ತಂಭ ಕೂರ್ಮಗಡ ದ್ವೀಪದ ಮೂಗಿನ ಹಿಂದೆ ಅಡಗಬೇಕು. ಎರಡೂ ಕೂಡಿದಲ್ಲಿ ಲಂಗರು. ಇಂಥ ಗುರುತನ್ನು ದೋಣಿಯ ಹೊರಗಿನವರಿಗೆ ಹೇಳುವ ರೂಢಿ ಆ ದಂಡೆಯಲ್ಲಿಲ್ಲ. ಒಲೆಗೆ ಹೊರಟ ದಿನ ತುಳಸಿದಾಸ ಮೊದಲು ಬಡಗಣಕ್ಕೆ, ಮಾಜಾಳಿಯ ಕಡೆಗೆ, ದೋಣಿ ತಿರುಗಿಸುತ್ತಿದ್ದ. ದಂಡೆಯವರ ಕಣ್ಣು ತಪ್ಪಿದ ಮೇಲೆ ಪಡುವಣಕ್ಕೆ ಹೊರಳುತ್ತಿದ್ದ. ಅಪ್ಪನೂ ಹಾಗೇ ಹೋಗುತ್ತಿದ್ದ.

ನೆರೆಮನೆಯ ರಾಮಾ, ಅವನೂ ಮೀನುಗಾರನೇ, ಬುಟ್ಟಿ ನೋಡಿದರೆ ಕೆದಕದೆ ಬಿಡುತ್ತಿರಲಿಲ್ಲ.

"ತಾಂಬೂಸ ಎಲ್ಲಿ ಸಿಕ್ತೋ ತುಳಸಿದಾಸಾ?"

"ನಿನ್ನ ಮಾವನ ಮನೆ ಹಿತ್ಲಲ್ಲಿ."

"ಅಲ್ಲಿ ನಂಗೆ ನಿನ್ನ ಅತ್ತಿಗೆ ಒಬ್ಳೇ ಸಿಕ್ಕದ್ದು ಮಾರಾಯಾ!"

ಇಬ್ಬರೂ ನಗುತ್ತಿದ್ದರು. ರಾಮಾನಿಗೂ ಯಾರಿಗೂ ಹೇಳದ ಜಾಗ ಒಂದಿತ್ತು.

ಒಂದು ವರ್ಷ ಮಳೆಗಾಲ ಮುಗಿಯುತ್ತಲೇ ಕಾರವಾರದ ಹಬ್ಬುವಾಡದಿಂದ ವಿಜೇತಾ ಬಂದರು. ಕಾಲೇಜಿನಲ್ಲಿ ಭೂಗೋಳ ಕಲಿಸುವವರು. ಈ ದಂಡೆಯ ಮೀನುಗಾರಿಕೆಯ ನಕ್ಷೆ ಮಾಡುವ ಕೆಲಸ ಅವರ ಪಾಲಿಗೆ ಬಂದಿತ್ತು. ಬಲೆ ಇಡುವ ಚಪ್ಪರದಲ್ಲಿ ಮೀನುಗಾರರನ್ನು ಸೇರಿಸಿ, ದೊಡ್ಡ ಪಟ ಹಾಸಿ, ಪಕ್ಕದಲ್ಲಿ ಒಂದು ಬಟ್ಟಲು ಹುಣಸೆಬೀಜ ಇಟ್ಟರು.

"ನೆಲದ ಮೇಲಾಗ್ಲಿ ನೀರಿನ ಮೇಲಾಗ್ಲಿ ಗೆರೆ ಅಂತ ಇರೂದಿಲ್ಲ," ಎಂದರು. "ಒಂದೇ ನಮೂನೆಯ ಬದುಕು ಎಲ್ಲೆಲ್ಲಿ ಉಂಟು ನೋಡಿ ನಾವೇ ಸುತ್ತ ಗೆರೆ ಎಳೆಯೂದು. ಅದನ್ನು ಒಂದು ಪ್ರದೇಶ ಅಂತೇವೆ. ಗದ್ದೆಯ ಪ್ರದೇಶ, ಉಪ್ಪಿನ ಪ್ರದೇಶ, ಹಾಗೇ ನಿಮ್ಮ ಮೀನಿನ ಪ್ರದೇಶ. ದೂರ ಕೂತವರಿಗೆ ನಿಮ್ಮ ಕಡಲು ಕಾಣೂದು ಈ ಪಟದಲ್ಲೇ. ನೀವು ಹಿಡಿಯೂ ಜಾಗದಲ್ಲಿ ಒಂದೊಂದು ಬೀಜ ಇಡಿ."

ತುಳಸಿದಾಸ ಬೀಜ ಹಿಡಿದು ಬಾಗಿದ. ಪಟದಲ್ಲಿ ಗುಡ್ಡವಿತ್ತು, ಕೂರ್ಮಗಡವಿತ್ತು. ಒಲೆ ಎಲ್ಲಿ ಬರುತ್ತದೆಂದು ಬೆರಳಿಗೆ ತಿಳಿಯಿತು. ಎದುರಿಗೆ ರಾಮಾ ಕಣ್ಣು ಮಿಟುಕಿಸದೆ ಕೂತಿದ್ದ. ಬೆರಳು ಅಲ್ಲಿಂದ ಸರಿದು ಕಾಳಿ ನದಿಯ ಅಳಿವೆಯ ಬಾಯಿಯಲ್ಲಿ ಬೀಜ ಇಟ್ಟಿತು. ರಾಮಾ ತನ್ನದನ್ನು ಅದರ ಪಕ್ಕದಲ್ಲೇ ಇಟ್ಟ. ಉಳಿದವರೂ ಅಲ್ಲೇ. ಯಾರಿಗೂ ಏನೂ ಸಿಗದ ಮರಳುದಿಬ್ಬದ ಮೇಲೆ ಹುಣಸೆಬೀಜದ ರಾಶಿಯಾಯಿತು.

"ಆಚೆ?" ವಿಜೇತಾ ಕೇಳಿದರು.

"ಆಚೆ ಎಂತದೂ ಇಲ್ಲ ಅಕ್ಕೋರೆ. ಬರೇ ನೀರು," ಎಂದ ತುಳಸಿದಾಸ.

ಮನೆಯಲ್ಲಿ ಹೆಂಡತಿ ದುರ್ಗಿ ಕೇಳಿದಳು: "ಅಷ್ಟು ಚೆಂದ ಮಾಡಿ ಕೇಳಿದ್ರಲ್ಲ, ನಿಜ ಹೇಳೂಕೆ ಆಗ್ಲಿಲ್ವಾ?"

"ಹೇಳಿದ್ರೆ ಮಾರನೇ ದಿನ ಊರ ಗಾಳ ಎಲ್ಲ ನಮ್ಮ ಒಲೆಯಲ್ಲಿ. ಆಮೇಲೆ ನೀ ಎಂತ ಬೇಯಿಸ್ತೆ?"

ಅದೂ ಸರಿ ಎಂದು ದುರ್ಗಿ ನಕ್ಕಳು.

ನಕ್ಷೆ ಅಚ್ಚಾಗಿ ಬಂತು. ಅಳಿವೆಯ ಬಾಯಿಗೆ ಒತ್ತಾದ ನೀಲಿ. ಅದೇ ಮೀನುಗಾರಿಕೆಯ ಪ್ರದೇಶ. ಆಚೆ ಕಡಲೆಲ್ಲ ಬಿಳಿ.

ಬೇಸಿಗೆಯಲ್ಲಿ ಸುದ್ದಿ ಬಂತು. ಹೊಸ ಜೆಟ್ಟಿಗಾಗಿ ತೋಡುವ ಹೂಳನ್ನು ಕಡಲಿಗೆ ಸುರಿಯಬೇಕಂತೆ. ಯಾರಿಗೂ ಬೇಡವಾದ ಜಾಗ ಹುಡುಕಿದ್ದಾರಂತೆ. ನಿತಿನ, ತುಳಸಿದಾಸನ ದೋಣಿಯಲ್ಲೇ ದುಡಿಯುವ ಮಗ, ಪೇಟೆಯಿಂದ ಆ ಪಟದ ಚಿತ್ರವನ್ನು ಮೊಬೈಲಿನಲ್ಲಿ ತಂದು ತೋರಿಸಿದ. ಬಿಳಿಯ ನಡುವೆ ಒಂದು ಕೆಂಪು ಚೌಕ. ಚೌಕದೊಳಗೆ ಕಾಶಿಯ ಒಲೆ.

ತುಳಸಿದಾಸ ಆ ದಿನ ಉಣ್ಣಲಿಲ್ಲ.

ಕಾರವಾರದಲ್ಲಿ ಅಹವಾಲಿನ ಸಭೆ. ಊರಿನವರೆಲ್ಲ ಹೋಗಿದ್ದರು, ರಾಮಾನೂ. ತುಳಸಿದಾಸ ಎದ್ದು ನಿಂತ. "ಸಾಹೇಬ್ರೆ, ಅಲ್ಲಿ ನಮ್ಮ ಬಂಡೆ ಉಂಟು. ಮಣ್ಣು ಬಿದ್ರೆ ಸಂದು ಎಲ್ಲ ಮುಚ್ತದೆ. ಮೂರು ತಲೆಮಾರು ಉಂಡ ಜಾಗ."

ಅಧಿಕಾರಿ ಪಟ ನೋಡಿದರು. "ಇಲ್ಲಿ ಖಾಲಿ ಇದೆಯಲ್ಲ? ನೀವೇ ಬೀಜ ಇಟ್ಟು ಮಾಡಿದ ನಕ್ಷೆ. ಬಂಡೆ ಎಲ್ಲಿದೆ, ಹೇಗೆ ನಂಬುವುದು?"

ತುಳಸಿದಾಸ ಹಿಂದಕ್ಕೆ ನೋಡಿದ. ದಂಡೆಯ ಕಿವಿಗಳೆಲ್ಲ ಅಲ್ಲಿದ್ದವು. ಆಮೇಲೆ ಗುಡ್ಡದ ಹೆಗಲು, ಗಾಳಿಮರದ ಕೊನೆ, ಕೂರ್ಮಗಡದ ಮೂಗು, ಎಲ್ಲವನ್ನೂ ಹೇಳಿದ.

ವಿಜೇತಾ ಎದ್ದರು. "ಬಿಳಿ ಅಂದರೆ ಖಾಲಿ ಅಂತಲ್ಲ ಸರ್. ನಮಗೆ ತಿಳಿದಿಲ್ಲ ಅಂತ."

"ಹಾಗೆಂದು ಪಟದಲ್ಲಿ ಎಲ್ಲಿ ಹೇಳಿದ್ದೀರಿ ಮೇಡಂ?"

ಪಟದ ಮೂಲೆಯಲ್ಲಿ ಪ್ರತಿ ಬಣ್ಣಕ್ಕೂ ಅರ್ಥ ಕೊಟ್ಟಿತ್ತು. ಬಿಳಿಗೆ ಕೊಟ್ಟಿರಲಿಲ್ಲ. ವಿಜೇತಾ ಕೂತುಕೊಂಡರು. ಅಹವಾಲು ದಾಖಲಾಗಿದೆ, ಜಾಗ ಬದಲಾಗದು ಎಂದು ಅಧಿಕಾರಿ ಸಭೆ ಮುಗಿಸಿದರು.

ಮರುದಿನ ಬೆಳಿಗ್ಗೆ ದಂಡೆಯಲ್ಲಿ ತುಳಸಿದಾಸನದು ಬಿಟ್ಟು ಬೇರೆ ದೋಣಿಗಳಿರಲಿಲ್ಲ. ದುರ್ಗಿ ಬಂದು ಹೇಳಿದಳು: "ರಾಮಾ ಎಲ್ಲರಿಗಿಂತ ಮೊದ್ಲು ಹೋದ."

"ಹೋಗ್ಲಿ. ಹೆಂಗೂ ಮಣ್ಣು ಪಾಲಾಗೂದು." ತುಳಸಿದಾಸ ಬುಟ್ಟಿ ಎತ್ತಿಕೊಂಡ. "ನಿತಿನಾ, ಗಾಳ ತಕೋ. ನಾವೂ ಹೋಗುವಾ."

ದೋಣಿ ನೀರಿಗಿಳಿಯಿತು. ತುಳಸಿದಾಸನ ಕೈ ತಾನಾಗಿ ಅದನ್ನು ಬಡಗಣಕ್ಕೆ, ಮಾಜಾಳಿಯ ಕಡೆಗೆ ತಿರುಗಿಸಿತು.

"ಅಪ್ಪಾ," ಎಂದ ನಿತಿನ, "ಈಗ ಯಾರ ಕಣ್ಣು ತಪ್ಸೂದು?"

ತುಳಸಿದಾಸ ಎಂದಿನ ಸುತ್ತು ಹಾಕಿಯೇ ಪಡುವಣಕ್ಕೆ ಹೊರಳಿದ. ಅಂದು ಅಳಿವೆಯ ಬಾಯಿಯಲ್ಲಿಟ್ಟ ಹುಣಸೆಬೀಜಗಳಂತೆ ದೋಣಿಗಳು ಒಲೆಯ ಮೇಲೆ ರಾಶಿ ಬಿದ್ದಿದ್ದವು.

"ತಡ ಮಾಡ್ದ್ಯಲ್ಲೋ ತುಳಸಿದಾಸಾ!" ರಾಮಾ ಕೂಗಿದ. ಈ ಸಲ ಅವನು ನಗಲಿಲ್ಲ. ತನ್ನ ದೋಣಿ ಸರಿಸಿ ದಾರಿ ಬಿಡಲೂ ಇಲ್ಲ.

ಲಂಗರು ಹಾಕಲು ಜಾಗವಿರಲಿಲ್ಲ. ತುಳಸಿದಾಸ ಅಂಚಿನಲ್ಲಿ, ಬಂಡೆ ಮುಗಿದು ಬರೇ ಮರಳು ಇರುವಲ್ಲಿ, ಗಾಳ ಬಿಟ್ಟ.