ಶಂಕರಲಿಂಗಪ್ಪನ ಹೆಗಲು

ಪಟ್ಟನಾಯಕನಹಳ್ಳಿಯಲ್ಲಿ ದಿನಸಿ ಅಂಗಡಿ ಇಟ್ಟಿರುವ ಶಂಕರಲಿಂಗಪ್ಪ, ಕೂತ ಜಾಗದಿಂದ ಏಳದೆ ಇಡೀ ಅಂಗಡಿ ನಡೆಸುತ್ತಿದ್ದ. ಇದು ನಾನು ಆಡಿಕೊಳ್ಳುವ ಮಾತಲ್ಲ, ಅವನೇ ಹೆಮ್ಮೆಯಿಂದ ಹೇಳಿಕೊಳ್ಳುತ್ತಿದ್ದದ್ದು. ವ್ಯಾಪಾರದ ಹೊತ್ತಿನಲ್ಲಿ ಗಲ್ಲಾಪೆಟ್ಟಿಗೆ ಬಿಟ್ಟು ಎದ್ದರೆ ಲಕ್ಷ್ಮಿಯೂ ಎದ್ದು ಹೋಗುತ್ತಾಳೆ ಎಂದು ಅವರಪ್ಪ ನಂಬಿದ್ದರು. ಅಪ್ಪ ಚಾಪೆಯ ಮೇಲೆ ಕೂರುತ್ತಿದ್ದರು, ಮಗ ತಿರುಗುವ ಕುರ್ಚಿ ತರಿಸಿದ. ಬೇಳೆ, ಸಕ್ಕರೆ, ಎಣ್ಣೆ ಎಲ್ಲ ಕೈಗೆಟುಕುವಂತೆ ಸುತ್ತ ಜೋಡಿಸಿಕೊಂಡ. ಮೇಲಿನ ಸಾಲಿನ ಸೋಪು, ಟೀಪುಡಿಗೆ ಹುಣಸೆಕಾಯಿ ಕೀಳುವ ದೋಟಿ. ಅದರ ಕೊಕ್ಕೆಯಿಂದ ಪೊಟ್ಟಣ ಎಳೆದು, ಬೀಳುವಾಗ ಇನ್ನೊಂದು ಕೈಯಲ್ಲಿ ಹಿಡಿಯುತ್ತಿದ್ದ. ನೋಡಿದವರು ನಕ್ಕರೆ ಅವನಿಗೆ ಎಲ್ಲಿಲ್ಲದ ಖುಷಿ.

ಎದುರಿನ ಟೈಲರ್ ಅಂಗಡಿ ನನ್ನದು. ನಾನೂ ದಿನವಿಡೀ ಕೂರುವವನೇ. ಆದರೆ ಟೀಗಾದರೂ ಏಳುತ್ತೇನೆ. ಈ ಪುಣ್ಯಾತ್ಮನಿಗೆ ಟೀ ಕೂಡ ಕುರ್ಚಿಗೇ ಬರಬೇಕು.

ಊಟವೂ ಅಷ್ಟೇ. ಮಧ್ಯಾಹ್ನ ಅವನ ತಾಯಿ ಶಿವರುದ್ರಮ್ಮ ಕ್ಯಾರಿಯರ್ ಹಿಡಿದು ಬಿಸಿಲಲ್ಲಿ ನಡೆದು ಬರುತ್ತಿದ್ದಳು. ಎಂಬತ್ತು ದಾಟಿದ ಮುದುಕಿ. ಬೆಳಿಗ್ಗೆ ಕೆರೆಯಾಚೆಯ ಹೊಲಕ್ಕೆ ಹೋಗಿ ಕಡ್ಲೇಕಾಯಿ ಗಿಡದ ನಡುವಿನ ಕಳೆ ಕಿತ್ತು, ಮನೆಗೆ ಬಂದು ಮುದ್ದೆ ತೊಳಸಿ, ಮಗನಿಗೆ ತಂದುಕೊಡುವಳು. ಅವನು ಉಣ್ಣುವವರೆಗೂ ಬಾಗಿಲಲ್ಲಿ ನಿಂತೇ ಇರುವಳು. ಕೂರಮ್ಮ ಎಂದರೆ, "ಕೂತ್ರೆ ಮೊಣಕಾಲು ಹಿಡ್ಕಂತವೆ ಕಣಪ್ಪ" ಅನ್ನುವಳು. ನೋಡುವ ನನಗೇ ಒಂದು ಥರ ಆಗುತ್ತಿತ್ತು. ಅವನಿಗೆ ಆಗುತ್ತಿರಲಿಲ್ಲ.

ಐವತ್ತಕ್ಕೆ ಮೊದಲೇ ಅವನಿಗೆ ಸಕ್ಕರೆ ಕಾಯಿಲೆ ಬಂತು, ಹಿಂದೆಯೇ ಬಿ.ಪಿ. ಬಂತು. ಸಿರಾದ ಡಾಕ್ಟರಮ್ಮನ ಹತ್ತಿರ ಕರೆದುಕೊಂಡು ಹೋದವನು ನಾನೇ. ಆಯಮ್ಮ ಬಿಡಿಸಿ ಹೇಳಿದರು: "ನೋಡಿ ಸ್ವಾಮಿ, ಕೂತೇ ಇದ್ದರೆ ಕಾಲಿನ ಮಾಂಸಖಂಡಕ್ಕೆ ಕೆಲಸ ಇರಲ್ಲ. ಅದು ಬಳಸಬೇಕಾದ ಸಕ್ಕರೆ ರಕ್ತದಲ್ಲೇ ಉಳಿಯತ್ತೆ. ಹೃದಯಕ್ಕೂ ದುಡಿಯೋ ಅಭ್ಯಾಸ ತಪ್ಪತ್ತೆ. ಮಾತ್ರೆ ತಗೊಳ್ಳಿ, ಆದರೆ ನಿಮ್ಮ ಬದಲು ಮಾತ್ರೆ ನಡೆಯಲ್ಲ. ದಿನಾ ನಡೀರಿ. ಅಂಗಡೀಲೂ ಆಗಾಗ ಎದ್ದು ಓಡಾಡಿ."

ತಲೆ ಆಡಿಸಿ ಬಂದ. ಒಂದು ವಾರ ನಡೆದ, ಅದೂ ಹೋಟೆಲಿನ ತನಕ. ಅಲ್ಲಿ ಎರಡು ಮಸಾಲೆ ದೋಸೆ ತಿಂದು ಆಟೋದಲ್ಲಿ ವಾಪಸ್. ಆಮೇಲೆ ಅದೂ ನಿಂತಿತು. ಮಾತ್ರೆ ನುಂಗುತ್ತಿದ್ದೇನಲ್ಲ, ಇನ್ನೇನು ಎಂಬುದು ಅವನ ಧೈರ್ಯ.

ಒಂದು ಮಧ್ಯಾಹ್ನ ಊಟ ಮುಗಿಸಿದ ಮಗ ಕೈ ತೊಳೆಯಲೂ ಏಳದೆ ತಾಯಿಯಿಂದ ತಟ್ಟೆಗೆ ನೀರು ಹಾಕಿಸಿಕೊಂಡ. ಶಿವರುದ್ರಮ್ಮ ಚೊಂಬು ಹಿಡಿದುಕೊಂಡೇ ಕೇಳಿದಳು: "ಲೇ ಶಂಕ್ರ, ನಾನ್ ಸತ್ರೆ ಹೊರೋಕಾದ್ರೂ ಎದ್ದೇಳ್ತೀಯೇನ್ಲಾ?"

"ಹೂಂ ಕಣಮ್ಮ. ಬ್ಯಾರೆಯೋರು ನಿನ್ನ ಮುಟ್ಟಂಗಿಲ್ಲ, ನಾನೇ ಹೊರ್ತೀನಿ" ಎಂದು ನಕ್ಕ. ನಾನೂ ನಕ್ಕೆ.

ಹೋದ ವರ್ಷ ಶಿವರಾತ್ರಿ ಕಳೆದ ಮೇಲೆ ಆಕೆ ಹೊಲದ ಬದುವಿನಲ್ಲೇ ಕುಸಿದು ಹೋಗಿಬಿಟ್ಟಳು. ನಮ್ಮವರಲ್ಲಿ ಸತ್ತವರನ್ನು ಮಲಗಿಸಿ ಒಯ್ಯುವುದಿಲ್ಲ. ಬಿದಿರಿನಲ್ಲಿ ಗೂಡಿನಂಥ ವಿಮಾನ ಕಟ್ಟಿ, ಹೂವಿನಲ್ಲಿ ಸಿಂಗರಿಸಿ, ಅದರಲ್ಲಿ ಕೂರಿಸಿ ಹೊರುತ್ತೇವೆ. ಬದುಕಿದ್ದಾಗ ಕೂರದ ಹೆಂಗಸು ಅವತ್ತು ಹಣೆ ತುಂಬ ವಿಭೂತಿ ಬಳಿದುಕೊಂಡು ನೆಟ್ಟಗೆ ಕೂತಿದ್ದಳು.

ಮಣ್ಣು ಮಾಡಬೇಕಾದ ಅವರ ಹೊಲದವರೆಗೆ ದೂರವಿದೆ, ಕೆರೆ ಏರಿ ಬೇರೆ ಹತ್ತಬೇಕು. ಜಂಗಮರಾದ ರೇಣುಕಯ್ಯನವರು ಅವನ ಮೈ ನೋಡಿ, "ಈಗೆಲ್ಲ ಟ್ರ್ಯಾಕ್ಟರ್‌ನಾಗೇ ಒಯ್ತಾರೆ, ತರ್ಸಾನ?" ಎಂದು ಮೆಲ್ಲಗೆ ಕೇಳಿದರು. ಶಂಕರಲಿಂಗಪ್ಪ ಒಪ್ಪಲಿಲ್ಲ. "ಮಾತು ಕೊಟ್ಟಿವ್ನಿ ಬುದ್ಧಿ" ಎಂದು ಮುಂದಿನ ಬಲಗಡೆಯ ಬೊಂಬಿಗೆ ಹೆಗಲು ಕೊಟ್ಟ. ಅವನ ಹಿಂದೆ ನಾನಿದ್ದೆ.

ಬೀದಿ ದಾಟುವಷ್ಟರಲ್ಲಿ ಅವನ ಅಂಗಿ ಬೆನ್ನಿಗೆ ಅಂಟಿತ್ತು. ಬೇರೆಯವರು ಹೆಗಲು ಬದಲಾಯಿಸಿದರು, ಅವನು ಬಿಡಲಿಲ್ಲ. ಏರಿ ಹತ್ತುವಾಗ ಉಸಿರು ಸಿಳ್ಳೆ ಹೊಡೆಯುವುದು ನನಗೆ ಕೇಳಿಸಿತು. ಬಿಡಪ್ಪ ಅಂತ ನಾನು ಅನ್ನುವುದಕ್ಕೂ ಅವನ ಮೊಣಕಾಲು ಮಡಚುವುದಕ್ಕೂ ಸರಿಹೋಯಿತು. ವಿಮಾನ ಬಲಕ್ಕೆ ವಾಲಿತು. ಶಿವರುದ್ರಮ್ಮನ ದೇಹ ಜಾರಿ ಬಿದಿರಿಗೆ ಒರಗಿ, ಕೊರಳ ಹಾರ ಮಣ್ಣಿಗೆ ಬಿತ್ತು. ಹೆಂಗಸರು ಚೀರಿದರು.

"ಅಪ್ಪಾಜಿ, ಬುಡಿ! ಬುಡಿ ಅಂತೀನಿ!" ಎಂದು ಮಗಳು ಲೋಹಿತಾ ಓಡಿ ಬಂದು ಬೊಂಬಿಗೆ ಹೆಗಲು ಕೊಟ್ಟಳು. ಸೆರಗು ಸೊಂಟಕ್ಕೆ ಸಿಕ್ಕಿಸಿಕೊಂಡು, ಅಜ್ಜಿಯನ್ನು ಹೊತ್ತು ಏರಿ ಹತ್ತಿಯೇಬಿಟ್ಟಳು. ಹೆಣ್ಣು ಹೊರಬಾರದು ಎನ್ನುವ ಬಾಯಿಗಳಿದ್ದವು. ಅವತ್ತು ಒಂದೂ ತೆರೆಯಲಿಲ್ಲ.

ಶಂಕರಲಿಂಗಪ್ಪ ಏರಿಯ ಮೋರಿಕಟ್ಟೆಯ ಮೇಲೆ ಕೂತ. ಜನವೆಲ್ಲ ಅವನ ಮುಂದೆಯೇ ಹಾದು ಹೋಯಿತು. ಅವನು ತಲೆ ಎತ್ತಲಿಲ್ಲ. ಕೊನೆಗೆ ನಾನೇ ಬೊಂಬು ಬೇರೆಯವರಿಗೆ ಒಪ್ಪಿಸಿ ಬಂದು, ಅವನನ್ನು ಯಾರದೋ ಬೈಕಿನ ಹಿಂದೆ ಕೂರಿಸಿ ಕಳಿಸಿದೆ. ಹೊಲದಲ್ಲಿ ಗುಂಡಿಯ ಸುತ್ತ ಊರಿಗೆ ಊರೇ ಬಿಸಿಲಲ್ಲಿ ನಿಂತು ಮಗ ಬರಲಿ ಎಂದು ಕಾಯುತ್ತಿತ್ತು. ಗುಂಡಿಗಿಳಿದು ತಾಯಿಯ ಅಂಗೈಗೆ ಲಿಂಗ ಇಡಬೇಕಾದವನು ಅವನು. ಇಳಿಯಲಾಗಲಿಲ್ಲ. ಅದನ್ನೂ ಲೋಹಿತಾಳೇ ಇಟ್ಟಳು. ಅವನು ಮೇಲೆ ನಿಂತು ಒಂದು ಹಿಡಿ ವಿಭೂತಿ ಹಾಕಿದ, ಅರ್ಧ ಗಾಳಿಗೆ ಹಾರಿಹೋಯಿತು.

ಕಾರ್ಯವೆಲ್ಲ ಮುಗಿಸಿ ಅಂಗಡಿ ತೆರೆದ ದಿನ ಸೋಪು ತರಲು ಹೋದೆ. ದೋಟಿ ಕಾಣಲಿಲ್ಲ. "ಇರು" ಎಂದು ಎದ್ದ, ಸ್ಟೂಲು ಹತ್ತಿ ತೆಗೆದುಕೊಟ್ಟ. ಈಗ ಮಧ್ಯಾಹ್ನ ಬಾಗಿಲು ಹಾಕಿಕೊಂಡು ಊಟಕ್ಕೆ ಮನೆಗೇ ಹೋಗುತ್ತಾನೆ. ಬೆಳಿಗ್ಗೆ ಹೊಲದವರೆಗೆ ನಡೆಯುತ್ತಾನೆ. ಸಕ್ಕರೆ ಸ್ವಲ್ಪ ಇಳಿದಿದೆ ಎಂದು ಡಾಕ್ಟರಮ್ಮ ಮೆಚ್ಚಿಕೊಂಡರಂತೆ. ಅದನ್ನು ಹೇಳುವಾಗಲೂ ಅವನ ಮುಖದಲ್ಲಿ ನಗುವಿಲ್ಲ.

ಒಂದು ದಿನ ನಾನೂ ಜೊತೆಗೆ ಹೋದೆ. ಏರಿ ಹತ್ತುವಾಗ ಅವನಿಗೆ ಏದುಸಿರು ಬಂತು. "ಮೋರಿ ಮ್ಯಾಲೆ ಒಂದ್ ಗಳಿಗೆ ಕೂತ್ಕಂಡು ಹೋಗಾನ" ಎಂದೆ. ಅವನು ಅತ್ತ ಕಣ್ಣು ಕೂಡ ಹಾಯಿಸಲಿಲ್ಲ. ನಿಂತಲ್ಲೇ ಉಸಿರು ತೆಗೆದುಕೊಂಡ.

"ಅಮ್ಮ ಅವತ್ತು ಕೇಳಿದ್ಲಲ್ಲ, ಹೊರೋಕಾದ್ರೂ ಎದ್ದೇಳ್ತೀಯೇನ್ಲಾ ಅಂತ" ಎಂದ. "ಎದ್ದಿದ್ದೆ ಕಣಯ್ಯ. ಹೊರೋಕಾಗ್ಲಿಲ್ಲ."