ಗುಡ್ಡಕ್ಕೆ ಬೆನ್ನು ಹಾಕಿದ ಜೀಪು

ಗುಡ್ಡ ನೋಡಲೆಂದೇ ಬಂದವರಿಗೆ ಗುಡ್ಡವೇ ಕಾಣದಂತೆ ಜೀಪು ಕಟ್ಟುವುದು ಹೇಗೆ? ಬೆಟಗೇರಿಗೆ ಬನ್ನಿ, ನಮ್ಮ ಬೀಗರು ಹೇಳಿಕೊಡುತ್ತಾರೆ.

ಬೀಗರೆಂದರೆ ನನ್ನ ತಂಗಿ ಶೋಭಾಳ ಮಾವ. ಆಯುಷ್ಯವೆಲ್ಲ ಮಗ್ಗದ ಮುಂದೆ ಕಳೆದವರು. ಮೊನ್ನೆ ಮೊನ್ನೆ ಮಗ್ಗ ನಿಲ್ಲಿಸಿದರು. ಅಲ್ಲಿಯವರೆಗೆ ನೂಲು, ಸೀರೆ ಹೊತ್ತು ತಿರುಗುತ್ತಿದ್ದ ಹಳೆಯ ಫೋರ್ ವೀಲ್ ಡ್ರೈವ್ ಜೀಪು ಅಂಗಳದಲ್ಲಿ ಬಿತ್ತು. ಶೋಭಾಗೆ ಸ್ಟೀರಿಂಗ್ ಹಿಡಿಯುವ ಹುಚ್ಚು. ಅದನ್ನು ಟೂರಿಸ್ಟ್ ಜೀಪ್ ಮಾಡಿ ಡಂಬಳದ ಗುಡಿ, ಕಪ್ಪತಗುಡ್ಡ ತೋರಿಸುತ್ತೇನೆ ಎಂದು ಹಟ ಹಿಡಿದಳು.

ಮೂರನೆಯ ದಿನ ಬೀಗರು ಒಂದು ಷರತ್ತು ಹಾಕಿದರು.

"ಆತು. ಒಂದ್ ಸಲ ಮಂದಿನ್ನ ಕರ್ಕೊಂಡು ಹೋಗಿ ಬಾ. ನಕ್ಕೊಂತ ಇಳದ್ರ ಗಾಡಿ ನಿಂದು. ಮಾರಿ ಸಣ್ಣ ಮಾಡ್ಕೊಂಡು ಇಳದ್ರ, ಮುಂಡರಗಿ ಹೊಲಕ್ಕ ಕಳಸ್ತೀನಿ, ಉಳ್ಳಾಗಡ್ಡಿ ಹೇರಾಕ."

ಜೀಪು ಬೆಟಗೇರಿಯ ವರ್ಕ್‌ಶಾಪ್ ಸೇರಿತು. ದಪ್ಪ ಟೈರು ಬಂದವು. ಬಾಡಿ ಎತ್ತರವಾಯಿತು. ತಗಡಿನ ಟಾಪ್ ಹೋಗಿ ಗಟ್ಟಿ ಪೈಪಿನ ಚೌಕಟ್ಟು ನಿಂತಿತು. (ಆರ್‌ಟಿಒ ಕಚೇರಿಯವರು ಇದನ್ನು ಓದುತ್ತಿದ್ದರೆ: ಪರವಾನಗಿ ಇದೆ ಸ್ವಾಮಿ, ಗಾಬರಿ ಬೇಡ.) ಸೀಟಿನ ಡಿಸೈನ್ ಶೋಭಾಳ ಮೊಬೈಲಿನಲ್ಲಿತ್ತು. ಸಾಲು ಸಾಲಾಗಿ, ಎಲ್ಲರ ಮುಖವೂ ಮುಂದಕ್ಕೆ, ಹಿಂದಿನ ಸಾಲು ಸ್ವಲ್ಪ ಎತ್ತರ. ಯಾರ ತಲೆಯೂ ಯಾರಿಗೂ ಅಡ್ಡವಿಲ್ಲ.

ಅವಳು ಏನೋ ಸಾಮಾನು ತರಲು ಹುಬ್ಬಳ್ಳಿಗೆ ಹೋದ ದಿನ ಬೀಗರು ವರ್ಕ್‌ಶಾಪಿಗೆ ಬಂದರು. ಶೋಭಾ ಮೇಸ್ತ್ರಿಯ ಮೊಬೈಲಿಗೆ ಕಳಿಸಿದ್ದ ಡಿಸೈನ್ ನೋಡಿದರು. ಮುಖ ಕಿವುಚಿದರು. ಸಂಜೆ ನಾನು ಹೋಗಿ ನೋಡುತ್ತೇನೆ, ಎದುರು ಬದುರು ಎರಡು ಉದ್ದನೆಯ ಬೆಂಚು ವೆಲ್ಡಿಂಗ್ ಆಗಿ ಕುಳಿತಿವೆ!

"ಅಲ್ರಿ ಕಾಕಾರ, ಹಿಂಗ ಕುಂತ್ರ ಗುಡ್ಡ ಹೆಂಗ ಕಾಣತೈತಿ?" ಎಂದೆ.

"ಮಂದಿ ಕೂಡಿ ಕುಂತ್ರ ಮಾರಿ ಮಾರಿ ನೋಡ್ಕೊಂತ ಕುಂಡ್ರಬೇಕು. ಒಬ್ಬರಿಗೊಬ್ಬರು ಬೆನ್ನ ಮಾಡಿ ಕುಂಡ್ರಾಕ ಅವರೇನು ಜಗಳಾ ಆಡ್ಯಾರ?"

ನಮ್ಮ ಕಡೆ ಒಬ್ಬರಿಗೆ ಬೆನ್ನು ಮಾಡಿ ಕೂತರೆ ಮಾತು ಬಿಟ್ಟಂತೆ ಲೆಕ್ಕ. ಬಂದ ಅತಿಥಿಗಳನ್ನು ಹಾಗೆ ಕೂರಿಸುವುದು ಬೀಗರ ಪಾಲಿಗೆ ಮರ್ಯಾದೆಯ ಪ್ರಶ್ನೆ.

ಎದುರಿನವರ ತಲೆಗಳ ಸಂದಿಯಲ್ಲಾದರೂ ಒಂದಿಷ್ಟು ಗುಡ್ಡ ಕಂಡೀತು ಎಂದುಕೊಂಡೆ. ಅಷ್ಟರಲ್ಲಿ ಬೀಗಿತಿ ಬಂದರು. ಧೂಳು ಬರುತ್ತದೆಂದು ಎರಡೂ ಕಡೆ ಕೈಮಗ್ಗದ ಬಟ್ಟೆಯ ಪರದೆ ಕಟ್ಟಿದರು. ಉಳಿದದ್ದು ಆಕಾಶ. ಬಿಸಿಲು ಬಡಿಯುತ್ತದೆಂದು ಅದಕ್ಕೂ ತಾಡಪತ್ರಿ ಹೊದಿಸಿದರು.

ರಾತ್ರಿ ಶೋಭಾ ನೋಡಿ ಅಳುವುದೊಂದು ಬಾಕಿ. ಬೆಳಗಾದರೆ ಗಿರಾಕಿಗಳು ಬರುವವರಿದ್ದರು.

ಬಂದರು. ಇಬ್ಬರು ಅಕ್ಕತಂಗಿಯರು, ಜೊತೆಗೆ ಅವರವರ ಗಂಡಂದಿರು. ಅಕ್ಕ ದಾವಣಗೆರೆಯವರು, ತಂಗಿ ಮೈಸೂರಿನವರು. ಮುಂದಿನ ಸೀಟಿನಲ್ಲಿ ಶೋಭಾಳ ಪಕ್ಕ ನಾನು, ಮೈಕು ಹಿಡಿದು. (ಗೈಡ್ ಮಾತುಗಳನ್ನು ನಾನೇ ಬರೆದಿದ್ದೆ. ಅಂಕಣಕಾರ ಮನೆಯಲ್ಲಿದ್ದ ಮೇಲೆ ಹೊರಗಿನವರೇಕೆ?)

"ನಿಮ್ಮ ಬಲಕ್ಕೆ ಕಪ್ಪತಗುಡ್ಡ" ಎಂದೆ. ಬಲಗಡೆ ಕುಳಿತವರ ಮುಖ ಎಡಕ್ಕಿತ್ತು. ಎಡಗಡೆಯವರಿಗೆ ಬಲಗಡೆಯವರೇ ಕಾಣುತ್ತಿದ್ದರು. ಅವರ ಹಿಂದೆ ಪರದೆ. ಪರದೆಯ ಹಿಂದೆ ಪಾಪ, ಕಪ್ಪತಗುಡ್ಡ.

ಡಂಬಳದಲ್ಲಿ ಇಳಿಸಿದೆವು. ಗುಡಿಯ ಮೂಲೆ ಮೂಲೆಯ ಕೆತ್ತನೆಯ ಬಗ್ಗೆ ನಾನು ಗಂಟಲು ಹರಿದುಕೊಂಡೆ. ಅವರು ಕೈ ಮುಗಿದರು, ಕೆರೆಯ ಕಡೆ ಒಮ್ಮೆ ಕಣ್ಣು ಹಾಯಿಸಿದರು, ಮತ್ತೆ ಜೀಪು ಹತ್ತಿದರು. ಯಾರೋ ಚಿಕ್ಕಮ್ಮನ ಮದುವೆಯ ಕಥೆ ಅರ್ಧಕ್ಕೆ ನಿಂತಿತ್ತಂತೆ!

ಗುಡ್ಡದ ಬುಡದ ಕಚ್ಚಾ ರಸ್ತೆ ಶುರುವಾಯಿತು. ಜೀಪು ಕುಣಿಯಿತು. ಮೊಣಕಾಲಿಗೆ ಮೊಣಕಾಲು ಬಡಿದವು. ಒಬ್ಬರನ್ನೊಬ್ಬರು ಹಿಡಿದುಕೊಂಡು ನಗತೊಡಗಿದರು. ಷಡ್ಡಕರಿಬ್ಬರೂ ಯಾವುದೋ ಹಳೆಯ ಮುನಿಸನ್ನು ಎತ್ತಿ, ಜಗಳವಾಡಿ, ಮುಗಿಸಿಯೂಬಿಟ್ಟರು. ನನ್ನ ಮೈಕಿಗೆ ಕಿವಿಗೊಡುವವರೇ ಇರಲಿಲ್ಲ.

ಶೋಭಾ ಮಾತ್ರ ನಗಲಿಲ್ಲ. "ಅಣ್ಣಾ, ಇವರು ಏನೂ ನೋಡವಲ್ರು. ಉಳ್ಳಾಗಡ್ಡಿ ಹೇರೂದು ಖರೆ ಆತು ನೋಡು" ಎಂದಳು. ಅವಳ ದನಿ ಕೇಳಿ ನನಗೆ ಸಂಕಟವಾಯಿತು.

ವಾಪಸ್ ಬಂದಾಗ ಬೀಗರು ಬಾಗಿಲಲ್ಲೇ ನಿಂತಿದ್ದರು. ಇಳಿಯುವವರಿಗೆ ನೀರು ಕೊಡಿಸಿದರು. ಆಮೇಲೆ ನಾವು ಹೆದರಿದ್ದ ಪ್ರಶ್ನೆಯನ್ನೇ ಕೇಳಿದರು.

"ಏನೇನ್ ನೋಡಿದ್ರಿ?"

ಮೈಸೂರಿನ ಯಜಮಾನರು "ಗುಡಿ, ಕೆರೆ..." ಎಂದು ಶುರು ಮಾಡಿ ಅಲ್ಲೇ ನಿಂತರು. ಶೋಭಾ ಟೈರು ನೋಡುತ್ತಾ ನಿಂತಿದ್ದಳು.

ದಾವಣಗೆರೆಯ ಅಕ್ಕ ಬಾಯಿಬಿಟ್ಟರು. "ನಿಜ ಹೇಳ್ಲಾ? ನಾನು ನನ್ನ ತಂಗೀನ ನೋಡಿದೆ. ದಿನಾ ವಿಡಿಯೋ ಕಾಲ್ ಮಾಡ್ತೀವಿ. ಆದ್ರೆ ಇವಳ ಮುಂದಿನ ಹಲ್ಲು ಅಲ್ಲಾಡ್ತಿದೆ ಅಂತ ಇವತ್ತೇ ಗೊತ್ತಾಗಿದ್ದು."

ತಂಗಿ ಬಾಯಿಗೆ ಸೆರಗು ಹಿಡಿದು ನಕ್ಕರು. ಎಲ್ಲರೂ ನಕ್ಕರು. "ಗುಡ್ಡ ನೋಡೋಕೆ ಇನ್ನೊಂದ್ಸಲ ಬರ್ತೀವಿ. ಸೀಟು ಮಾತ್ರ ಹೀಗೇ ಇರ್ಲಿ" ಎಂದರು ಅಕ್ಕ.

ಬೀಗರು ಸೊಸೆಯ ಕಡೆ ತಿರುಗಿದರು. "ಗಾಡಿ ನಿಂದವ್ವಾ." ಆಮೇಲೆ ನನ್ನ ಕಡೆ ನೋಡಿ, "ನಿಮ್ಮ ಆ ಮೈಕ್ ಒಂದ್ ತಗೀರಿ. ಮಂದಿಗೆ ಮಾತಾಡಾಕ ಅಡ್ಡ ಆಗತೈತಿ" ಎಂದರು.

ಶೋಭಾ ಅತ್ತೆಯನ್ನು ಪುಸಲಾಯಿಸಿ ಪರದೆ ಬಿಚ್ಚಿಸಿದ್ದಾಳೆ. ತಾಡಪತ್ರಿಯೂ ಹೋಗಿದೆ. ಬೆಂಚುಗಳು ಇದ್ದ ಹಾಗೇ ಇವೆ. ಬುಕಿಂಗ್ ಬರುತ್ತಿವೆ. ಅವಳ ಮುಖದ ಗೆಲುವು ನೋಡಿದರೆ ನನ್ನ ಮೈಕು ಹೋದದ್ದಕ್ಕೆ ಬೇಸರವೇನೂ ಇಲ್ಲ. (ಸ್ವಲ್ಪ ಇದೆ.)

ಆ ಮೊದಲ ಟ್ರಿಪ್ಪಿನ ದಿನ ಮನೆಗೆ ಬಂದು ಸೋಫಾದಲ್ಲಿ ಕುಳಿತೆ. ಪಕ್ಕದಲ್ಲಿ ಹೆಂಡತಿ. ಇಬ್ಬರ ಮುಖವೂ ಟಿವಿಗೆ. ಏನನ್ನಿಸಿತೋ, ಎದ್ದು ಹೋಗಿ ಒಂದು ಕುರ್ಚಿ ಎಳೆದು ಅವಳ ಎದುರಿಗೇ ಹಾಕಿಕೊಂಡು ಕುಳಿತೆ. ಅವಳ ಮೂಗಿನ ಮೇಲೆ ಕನ್ನಡಕವಿತ್ತು.

ಅದು ಬಂದು ಎಷ್ಟು ದಿನವಾಯಿತು ಎಂದು ಕೇಳುವ ಧೈರ್ಯ ಯಾವ ಗಂಡನಿಗಿದೆ, ಹೇಳಿ?