ಸಿದ್ದಾಪುರದ ಬಂಡೆಯ ಮೇಲೆ ಒಂದು ಶೇಂಗಾ ಬೀಜ

ಸ್ನೇಹಿತರೇ, ಇವತ್ತು ಸಿದ್ದಾಪುರದ ಬಂಡೆಯ ಮೇಲಿನ ಹಳೆಯ ಶಾಸನ ನೋಡಲು ಹೋದಾಗ ಒಂದೂವರೆ ವರ್ಷದ ಮಗಳು ರಚ್ಚೆ ಹಿಡಿದಳು. ಜೊತೆಗೆ ಬಂದಿದ್ದ ನನ್ನ ಅವ್ವ ಅವಳ ಬಾಯಿಗೆ ಹುರಿದ ಶೇಂಗಾ ಇಟ್ಟಳು. ಅಳು ನಿಂತಿತು, ಉಸಿರೂ ನಿಂತಿತು. ನಾನು ನೀರಿನ ಬಾಟಲಿ ತೆಗೆದೆ.

"ನೀರು ಹಾಕಬ್ಯಾಡ್ರಿ, ಕೊಡ್ರಿ ಇಲ್ಲಿ!" ಕುರಿ ಕಾಯುತ್ತಿದ್ದ ಅಜ್ಜ ಓಡಿಬಂದು, ಮಗುವನ್ನು ಮುಂಗೈ ಮೇಲೆ ಬೋರಲು ಮಲಗಿಸಿ ಬೆನ್ನಿಗೆ ಬಡಿದ. ಬೀಜ ಹೊರಬಿತ್ತು. ಮಗಳು ಅತ್ತಳು.

"ಇಷ್ಟು ಸಣ್ಣ ಕೂಸಿಗೆ ಬೀಜ ಕೊಡ್ತಾರೇನವ್ವಾ?" ಎಂದ ಅಜ್ಜ.

"ನನ್ನ ಮಕ್ಕಳೆಲ್ಲ ಇದನ್ನೇ ತಿಂದು ಬೆಳದಾವೆ. ಯಾರದೋ ಕಣ್ಣು ಬಿದ್ದೈತೆ" ಎಂದಳು ಅವ್ವ.

ಮಗುವಾಗಿದ್ದಾಗಲೇ ತೀರಿಕೊಂಡ ನನ್ನ ಅಕ್ಕನಿಗೂ ಕಣ್ಣೇ ಬಿದ್ದಿತ್ತೆಂದು ಕೇಳುತ್ತಾ ಬೆಳೆದವನು ನಾನು. ಆಗ ಅವಳ ಬಾಯಲ್ಲಿ ಏನಿತ್ತು ಎಂದು ಇವತ್ತು ಮೊದಲ ಸಲ ಕೇಳಬೇಕೆನಿಸಿತು. ಅವ್ವ ಉಳಿದ ಶೇಂಗಾವನ್ನು ಸೆರಗಿಗೆ ಕಟ್ಟಿಕೊಳ್ಳುತ್ತಿದ್ದಳು. ಕೇಳಲಿಲ್ಲ.